ತಿರುಗುಗುಂಡಿ ಯಾರ ಕೈಯಲ್ಲಿ? ರೇಡಿಯೋ ತನ್ನವರನ್ನು ಬೈಯದಿರುವುದರ ಚರಿತ್ರೆ

ತಮಿಳುನಾಡು-ಕರ್ನಾಟಕ ಗಡಿಯ ತಾಳವಾಡಿ ಬೆಟ್ಟದ ಗೆಟ್ಟವಾಡಿಯಂಥ ಊರಲ್ಲಿ ಮೀಡಿಯಂ ವೇವ್ ಕೇಳಬೇಕಾದರೆ ಮುಳ್ಳು ಸರಿಸಿದರೆ ಸಾಲದು, ಪೆಟ್ಟಿಗೆಯನ್ನೇ ತಿರುಗಿಸಬೇಕು. ಟ್ರಾನ್ಸಿಸ್ಟರಿನ ಒಳಗಿರುವ ಫೆರೈಟ್ ಕಡ್ಡಿ ಕೇಂದ್ರದ ದಿಕ್ಕಿಗೆ ಅಡ್ಡಲಾಗಿ ನಿಂತಾಗ ದನಿ ತುಂಬಿ ಬರುತ್ತದೆ, ತುದಿ ಆ ಕಡೆಗೆ ಚಾಚಿದರೆ ಕುಗ್ಗುತ್ತದೆ. 612 ಕಿಲೋಹರ್ಟ್ಸ್‌ನ ಬೆಂಗಳೂರು ಉತ್ತರಕ್ಕೆ, 999ರ ಕೊಯಮತ್ತೂರು ದಕ್ಷಿಣಕ್ಕೆ. ಹೀಗಾಗಿ ಪೆಟ್ಟಿಗೆಯನ್ನು ಪೂರ್ವ ಪಶ್ಚಿಮವಾಗಿ ಇಟ್ಟವರಿಗೆ ಎರಡೂ ಸಿಗುತ್ತವೆ: ಒಂದರಲ್ಲಿ ಕನ್ನಡ, ಇನ್ನೊಂದರಲ್ಲಿ ತಮಿಳು. ಎಫ್‌ಎಂ ಬಂದ ಮೇಲೆ ಮೈಸೂರಿನ 100.6 ಕೂಡ ಸೇರಿಕೊಂಡಿತು.

ಭಾಷೆ ಎರಡು, ಆಳುವ ಸರ್ಕಾರ ಎರಡು. ಆದರೆ ಒಂದು ಅಭ್ಯಾಸ ಮಾತ್ರ ಎರಡೂ ಕಡೆ ಒಂದೇ. ತನ್ನನ್ನು ಸಾಕುವವರ ಮೇಲೆ ರೇಡಿಯೋ ದನಿ ಎತ್ತುವುದಿಲ್ಲ. ಅಮೆರಿಕದ ಊರೂರಿನ ಬಲಪಂಥೀಯ ಮಾತಿನ ರೇಡಿಯೋ ತನ್ನ ರಿಪಬ್ಲಿಕನ್ ಪಕ್ಷವನ್ನು ಯಾಕೆ ಟೀಕಿಸುವುದಿಲ್ಲ ಎಂದು ಅಲ್ಲಿನ ವಿದ್ವಾಂಸರು ಕೇಳುತ್ತ ಬಂದಿದ್ದಾರೆ. ಆ ಪ್ರಶ್ನೆಯನ್ನು ಈ ಗಡಿಯ ಬೆಟ್ಟದಿಂದ ಕೇಳಿದರೆ ಉತ್ತರ ಇನ್ನಷ್ಟು ಸ್ಪಷ್ಟವಾಗಿ ಕಾಣುತ್ತದೆ. ರೇಡಿಯೋವನ್ನು ಆರಿಸಬಲ್ಲ ಕೈ ಯಾವುದೋ, ಆ ಕೈಯನ್ನು ರೇಡಿಯೋ ಕಚ್ಚುವುದಿಲ್ಲ. ಭಾರತದಲ್ಲಿ ಆ ಕೈ ಪರವಾನಗಿ ಕೊಡುವ ಸರ್ಕಾರದ್ದು, ಅಮೆರಿಕದಲ್ಲಿ ಕೇಳುಗನದು.

ಶುರುವಿನಲ್ಲಿ ಹೀಗಿರಲಿಲ್ಲ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರ್‌ನಲ್ಲಿ ತಮ್ಮ ಮನೆ ವಿಠ್ಠಲ ವಿಹಾರದಿಂದಲೇ ಪ್ರಸಾರ ಆರಂಭಿಸಿದರು. ಯಂತ್ರ ಬರೀ 30 ವ್ಯಾಟಿನದು. ಆಗಿನ ಒಂದು ಮೇಜಿನ ದೀಪಕ್ಕೂ ಅಷ್ಟು ಶಕ್ತಿ ಇರುತ್ತಿತ್ತು. ‘ಆಕಾಶವಾಣಿ’ ಎಂಬ ಹೆಸರನ್ನು ಸೂಚಿಸಿದವರು ನಾ. ಕಸ್ತೂರಿ ಎಂಬುದು ಪ್ರತೀತಿ. ಪಕ್ಷವೂ ಇಲ್ಲ, ಜಾಹೀರಾತೂ ಇಲ್ಲ. ಒಬ್ಬ ಮೇಷ್ಟರ ಹುಚ್ಚು ಮತ್ತು ಊರಿನವರ ನೆರವು. ಕೇಂದ್ರ ಮುಂದೆ ಸಂಸ್ಥಾನದ ಕೈಗೆ ಹೋಯಿತು, 1950ರಲ್ಲಿ ಆಲ್ ಇಂಡಿಯಾ ರೇಡಿಯೋದೊಳಗೆ ಸೇರಿತು. ಮೈಸೂರಿನ ಆ ಹೆಸರು ಇಡೀ ದೇಶದ ಸರ್ಕಾರಿ ರೇಡಿಯೋಗೆ ಅಂಟಿಕೊಂಡಿತು. ತಮಿಳುನಾಡು ಮಾತ್ರ ಅದನ್ನು ಒಪ್ಪಲಿಲ್ಲ. 2023ರ ಮೇ ತಿಂಗಳಲ್ಲಿ ಇಂಗ್ಲಿಷ್ ಪ್ರಸಾರದಲ್ಲೂ ‘ಆಕಾಶವಾಣಿ’ ಎಂದೇ ಹೇಳಬೇಕೆಂಬ ಆದೇಶ ಬಂದಾಗ ಅಲ್ಲಿನ ನಾಯಕರು ಮತ್ತೆ ಗುಡುಗಿದರು. ತಾಳವಾಡಿಯ ಕನ್ನಡಿಗರಿಗೆ ಇದೊಂದು ವಿನೋದ: ಉತ್ತರದ ಪಕ್ಕದೂರಲ್ಲಿ ಹುಟ್ಟಿದ ಪದ ದಕ್ಷಿಣದ ಪಕ್ಕದೂರಿಗೆ ಪರಕೀಯ.

ಈ ಗಡಿ ಮೂಡಿದ್ದು ಹೀಗೆ: 1956ರ ನವೆಂಬರ್ 1ರಂದು ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರು ರಾಜ್ಯ ಸೇರಿತು. ತಾಳವಾಡಿ ಮದರಾಸಿನಲ್ಲೇ ಉಳಿಯಿತು. 2016ರಲ್ಲಿ ಅದು ಪ್ರತ್ಯೇಕ ತಾಲ್ಲೂಕೂ ಆಯಿತು. ಚಾಮರಾಜನಗರದ ಸಂತೆಗೆ ಹೋಗುವುದು ಇಲ್ಲಿನವರಿಗೆ ಸಲೀಸು, ಸತ್ಯಮಂಗಲದ ಕಚೇರಿಗೆ ಹೋಗಬೇಕಾದರೆ ದಿಂಬಂ ಘಾಟಿಯ 27 ಕೊಕ್ಕೆ ತಿರುವು ಇಳಿಯಬೇಕು. ಗಡಿಗೆರೆ ರೇಡಿಯೋ ಅಲೆಯನ್ನು ತಡೆಯಲಿಲ್ಲ.

ಆಕಾಶವಾಣಿಯ ಮೌನಕ್ಕೆ ಬರಹದಲ್ಲೇ ಆಧಾರ ಉಂಟು. ಅದರ ಪ್ರಸಾರ ಸಂಹಿತೆ ಭಾಷಣಕಾರರಿಗೆ ಹಲವು ಬೇಲಿ ಹಾಕುತ್ತದೆ. ಯಾವುದೇ ರಾಜಕೀಯ ಪಕ್ಷವನ್ನು ಹೆಸರೆತ್ತಿ ನಿಂದಿಸಬಾರದು, ಕೇಂದ್ರವನ್ನಾಗಲಿ ರಾಜ್ಯವನ್ನಾಗಲಿ ಹಗೆಯಿಂದ ಟೀಕಿಸಬಾರದು ಎಂಬವು ಅದರಲ್ಲಿ ಸೇರಿವೆ. ಮೇಲ್ನೋಟಕ್ಕೆ ಇದು ನ್ಯಾಯವಾಗಿಯೇ ಕಾಣುತ್ತದೆ, ಎಲ್ಲರಿಗೂ ಒಂದೇ ತಕ್ಕಡಿ. ನಡೆಯುವುದು ಬೇರೆ. ಮಂತ್ರಿ ಸೇತುವೆ ಉದ್ಘಾಟಿಸಿದರೆ ಅದು ವಾರ್ತೆ; ಆ ಸೇತುವೆ ಬಿರುಕು ಬಿಟ್ಟಿದೆ ಎಂದು ಎದುರಾಳಿ ಹೇಳಿದರೆ ಅದು ಟೀಕೆ. ತಕ್ಕಡಿ ಅಲ್ಲೇ ವಾಲಿತು.

1975ರ ಜೂನ್ 26ರ ಬೆಳಗ್ಗೆ ಇಂದಿರಾ ಗಾಂಧಿ ತುರ್ತು ಪರಿಸ್ಥಿತಿಯ ಸುದ್ದಿ ಹೇಳಿದ್ದು ಇದೇ ರೇಡಿಯೋದಲ್ಲಿ. ಮುಂದಿನ 21 ತಿಂಗಳು ಅದಕ್ಕೆ ಜನ ಇಟ್ಟ ಅಡ್ಡಹೆಸರು ‘ಆಲ್ ಇಂದಿರಾ ರೇಡಿಯೋ’. 1977ರಲ್ಲಿ ಗೆದ್ದುಬಂದ ಜನತಾ ಸರ್ಕಾರ ಮಾಧ್ಯಮ ದುರ್ಬಳಕೆಯ ಮೇಲೆ ಶ್ವೇತಪತ್ರ ಹೊರಡಿಸಿತು, ಬಿ.ಜಿ. ವರ್ಗೀಸ್ ಸಮಿತಿಯನ್ನು ನೇಮಿಸಿತು. ಸಮಿತಿ 1978ರಲ್ಲಿ ಸ್ವಾಯತ್ತ ಸಂಸ್ಥೆ ಬೇಕೆಂದಿತು. ಪ್ರಸಾರ ಭಾರತಿ ಕಾಯ್ದೆಗೆ ಒಪ್ಪಿಗೆ ಸಿಕ್ಕಿದ್ದು 1990ರಲ್ಲಿ, ಅದು ಜಾರಿಯಾದದ್ದು 1997ರಲ್ಲಿ. ನಡುವೆ ಹಲವು ಬಣ್ಣದ ಸರ್ಕಾರಗಳು ಬಂದುಹೋದವು. ವಿರೋಧ ಪಕ್ಷದಲ್ಲಿದ್ದಾಗ ಸ್ವಾಯತ್ತತೆ ಎಂದು ಗಂಟಲು ಹರಿದುಕೊಂಡವರಿಗೆ ಕುರ್ಚಿ ಸಿಕ್ಕ ಕೂಡಲೇ ಅದರ ನೆನಪು ಹಾರಿಹೋಗುತ್ತಿತ್ತು. 2014ರ ಅಕ್ಟೋಬರ್ 3ರಿಂದ ಪ್ರಧಾನಿಗೆ ‘ಮನ್ ಕಿ ಬಾತ್’ ಇದೆ, ಅದರ ಕನ್ನಡ ರೂಪವೂ ಕೇಳಿಬರುತ್ತದೆ. ವಿರೋಧ ಪಕ್ಷದ ನಾಯಕರಿಗೆ ಅಂಥ ತಿಂಗಳ ಮಾತಿಲ್ಲ.

ಖಾಸಗಿ ರೇಡಿಯೋ ಬಂದರೆ ಈ ಬೀಗ ತೆಗೆಯುತ್ತದೆ ಎಂದುಕೊಂಡವರಿದ್ದರು. ಅಲೆಗಳು ಸಾರ್ವಜನಿಕ ಆಸ್ತಿ ಎಂದು ಸುಪ್ರೀಂ ಕೋರ್ಟ್ 1995ರ ಫೆಬ್ರವರಿಯಲ್ಲಿ ಹೇಳಿತ್ತು. 2001ರ ಜುಲೈನಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಬೆಂಗಳೂರಿನಲ್ಲಿ ಹಾಡತೊಡಗಿತು. ಹಾಡಿತು ಅಷ್ಟೇ, ಸ್ವಂತ ಸುದ್ದಿ ಹೇಳುವಂತಿಲ್ಲ, ಬೇಕಿದ್ದರೆ ಆಕಾಶವಾಣಿಯ ವಾರ್ತೆಯನ್ನು ಒಂದಕ್ಷರ ಬದಲಿಸದೆ ಮರುಪ್ರಸಾರ ಮಾಡಬಹುದು. ಸಮುದಾಯ ರೇಡಿಯೋಗೂ ಸ್ವಂತ ಸುದ್ದಿ ಮತ್ತು ರಾಜಕೀಯ ನಿಷಿದ್ಧ. ಮೆಣಸಿನ ರೋಗ, ಬಾಣಂತಿ ಆರೈಕೆ, ಜಾನಪದ ಹಾಡು ಎಲ್ಲಕ್ಕೂ ಜಾಗ ಉಂಟು, ಪಂಚಾಯ್ತಿ ಅಧ್ಯಕ್ಷ ಯಾವ ಪಕ್ಷದವನೆಂಬ ಮಾತಿಗೆ ಇಲ್ಲ.

ಹರಟೆಯ ಮರೆಯಲ್ಲಿ ಟೀಕೆ ತೂರಿಸಿದರೆ ಏನಾಗುತ್ತದೆ ಎಂಬುದಕ್ಕೆ ಮುಂಬಯಿಯ ಉದಾಹರಣೆ ಇದೆ. 2017ರ ಜುಲೈನಲ್ಲಿ ರೆಡ್ ಎಫ್‌ಎಂನ ಆರ್‌ಜೆ ಮಲಿಷ್ಕಾ ರಸ್ತೆಗುಂಡಿಗಳ ಮೇಲೆ ಮರಾಠಿ ಅಣಕುಹಾಡು ಹಾಡಿದರು. ಪಾಲಿಕೆ ಆಗ ಶಿವಸೇನೆಯ ಹಿಡಿತದಲ್ಲಿತ್ತು. ಆ ಪಕ್ಷದವರು 500 ಕೋಟಿಯ ಮಾನನಷ್ಟದ ಮಾತೆತ್ತಿದರು. ಪಾಲಿಕೆಯವರು ಹಾಡುಗಾರ್ತಿಯ ಮನೆಗೆ ಹೋಗಿ ಹುಡುಕಿದಾಗ ಅಲ್ಲಿ ಸೊಳ್ಳೆಮರಿ ಸಿಕ್ಕಿತೆಂದು ನೋಟಿಸ್ ಹೊರಟಿತು. ರಸ್ತೆಯ ಗುಂಡಿ ಕಾಣದ ಕಣ್ಣಿಗೆ ಮನೆಯೊಳಗಿನ ಸೊಳ್ಳೆಮರಿ ಕಂಡಿತು.

ಇನ್ನು ಅಮೆರಿಕ. ಅಲ್ಲಿ 1949ರಿಂದ ಒಂದು ನಿಯಮವಿತ್ತು: ವಿವಾದದ ವಿಷಯ ಎತ್ತಿದ ಕೇಂದ್ರ ಎದುರು ಪಕ್ಷದ ಮಾತಿಗೂ ಜಾಗ ಕೊಡಬೇಕು. 1987ರಲ್ಲಿ ಅದನ್ನು ಕೈಬಿಟ್ಟರು. ಮರುವರ್ಷ ಆಗಸ್ಟ್‌ನಲ್ಲಿ ಬಲಪಂಥೀಯ ಮಾತುಗಾರ ರಷ್ ಲಿಂಬಾ ರಾಷ್ಟ್ರವ್ಯಾಪಿ ಪ್ರಸಾರಕ್ಕೆ ಇಳಿದರು. 1994ರಲ್ಲಿ ರಿಪಬ್ಲಿಕನ್ನರು 40 ವರ್ಷಗಳ ಬಳಿಕ ಕೆಳಮನೆ ಗೆದ್ದಾಗ ಹೊಸ ಸದಸ್ಯರು ಲಿಂಬಾರನ್ನು ತಮ್ಮ ತಂಡದ ಗೌರವ ಸದಸ್ಯರನ್ನಾಗಿ ಮಾಡಿಕೊಂಡರು. ಪರವಾನಗಿ ಕಿತ್ತುಕೊಳ್ಳುವ ಹೆದರಿಕೆಯಿಲ್ಲ, ಸಂಹಿತೆಯ ಬೇಲಿಯಿಲ್ಲ. ಆದರೂ 2006ರ ನವೆಂಬರ್‌ನಲ್ಲಿ ಆ ಪಕ್ಷ ಸೋತ ಮರುದಿನ ಲಿಂಬಾ ಮೈಕಿನ ಮುಂದೆ ಒಂದು ಗುಟ್ಟು ಬಿಟ್ಟುಕೊಟ್ಟರು: ಯೋಗ್ಯತೆ ಇಲ್ಲದವರ ಪರವಾಗಿ ಇನ್ನು ನೀರು ಹೊರಬೇಕಿಲ್ಲ, ಬಿಡುಗಡೆಯಾದಂತಿದೆ. ಅಲ್ಲಿಯವರೆಗೆ ಹೊತ್ತಿದ್ದೇಕೆ ಎಂಬ ಪ್ರಶ್ನೆ ಕೇಳುಗರಿಗೇ ಉಳಿಯಿತು.

ಊರಮಟ್ಟದ ಕೇಂದ್ರಗಳ ಕಥೆ ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿಯಲ್ಲಿ ಹೆಚ್ಚು ಸ್ಪಷ್ಟ. ಚಾರ್ಲಿ ಸೈಕ್ಸ್ ಅಲ್ಲಿನ ಡಬ್ಲ್ಯುಟಿಎಂಜೆಯಲ್ಲಿ 1993ರಿಂದ ಮಾತಾಡುತ್ತಿದ್ದವರು, ರಾಜ್ಯಪಾಲ ಸ್ಕಾಟ್ ವಾಕರ್‌ಗೆ ಬಲವಾದ ಬೆನ್ನೆಲುಬು. ಇಂಥ ಕೇಂದ್ರಕ್ಕೆ ಪಕ್ಷದ ನಾಯಕನೇ ಅತಿಥಿ, ಅವನ ಸಂದರ್ಶನವೇ ಬಂಡವಾಳ. ಅವನನ್ನು ಬೈದರೆ ನಾಳೆ ಫೋನ್ ಎತ್ತುವುದಿಲ್ಲ. ಬೈದವರ ಮಾತು ಕೇಳಲು ಎದುರು ಪಕ್ಷದ ಕೇಳುಗ ಬರುವುದೂ ಇಲ್ಲ, ಇದ್ದವನು ಮಾತ್ರ ಎದ್ದು ಹೋಗುತ್ತಾನೆ; ಜಾಹೀರಾತು ಅವನ ಹಿಂದೆಯೇ ಹೋಗುತ್ತದೆ. 2016ರ ಮಾರ್ಚ್‌ನಲ್ಲಿ ಸೈಕ್ಸ್ ಡೊನಾಲ್ಡ್ ಟ್ರಂಪ್‌ರನ್ನು ನೇರಪ್ರಸಾರದಲ್ಲೇ ತರಾಟೆಗೆ ತೆಗೆದುಕೊಂಡರು. ಏಪ್ರಿಲ್ 5ರಂದು ಟ್ರಂಪ್ ವಿಸ್ಕಾನ್ಸಿನ್‌ನ ಪಕ್ಷದ ಒಳಚುನಾವಣೆಯಲ್ಲಿ ಸೋತರು. ರಾಷ್ಟ್ರದಲ್ಲಿ ಟ್ರಂಪ್ ಗೆದ್ದರು, ಸೈಕ್ಸ್ ಆ ವರ್ಷದ ಡಿಸೆಂಬರ್‌ನಲ್ಲಿ ಕಾರ್ಯಕ್ರಮ ಬಿಟ್ಟರು. ತಾವೇ ಬೆಳೆಸಿದ ಕೇಳುಗರು ತಮ್ಮ ಮಾತಿಗಿಂತ ಅಂತರ್ಜಾಲದಲ್ಲಿ ಹಾರಾಡುವ ಸುಳ್ಳನ್ನೇ ನಂಬತೊಡಗಿದ್ದರೆಂದು ಆಮೇಲೆ ಬೇಸರದಿಂದ ಹೇಳಿಕೊಂಡರು.

ಹಾಗಾದರೆ ಮಾತಿನ ರೇಡಿಯೋ ಸ್ವಪಕ್ಷವನ್ನು ಎಂದೂ ಬೈಯುವುದಿಲ್ಲವೇ? ಬೈಯುತ್ತದೆ, ಆದರೆ ಒಂದೇ ಕಾರಣಕ್ಕೆ: ನೀನು ಸಾಕಷ್ಟು ಗಟ್ಟಿಯಾಗಿಲ್ಲ ಎಂದು. 2004ರಲ್ಲಿ ಲಾಸ್ ಏಂಜಲೀಸ್‌ನ ಕೆಎಫ್ಐ ಕೇಂದ್ರದ ಜಾನ್ ಮತ್ತು ಕೆನ್ ವಲಸೆ ವಿಷಯದಲ್ಲಿ ಮೆತ್ತಗಾದನೆಂದು ರಿಪಬ್ಲಿಕನ್ ಸಂಸದ ಡೇವಿಡ್ ಡ್ರೈಯರ್ ಮೇಲೆ ಬಿದ್ದರು. 2014ರ ಜೂನ್‌ನಲ್ಲಿ ವರ್ಜೀನಿಯಾದ ರಿಪಬ್ಲಿಕನ್ ಸಂಸದ ಎರಿಕ್ ಕ್ಯಾಂಟರ್ ತನ್ನದೇ ಪಕ್ಷದ ಒಳಚುನಾವಣೆಯಲ್ಲಿ ಸೋತಾಗಲೂ ರೇಡಿಯೋದ ಲಾರಾ ಇಂಗ್ರಾಮ್ ಎದುರಾಳಿಯ ಬೆನ್ನಿಗಿದ್ದರು. ಅಲ್ಲಿ ಕೇಳುಗ ಪಕ್ಷಕ್ಕಿಂತ ಮುಂದೆ ಓಡುತ್ತಿದ್ದ; ರೇಡಿಯೋ ಅವನ ಜೊತೆ ಓಡಿತು.

ತನ್ನನ್ನು ಸಾಕುವ ಕೈಯನ್ನು ಮಾಧ್ಯಮ ಕಚ್ಚುವುದಿಲ್ಲ ಎಂಬುದನ್ನು ತಮಿಳುನಾಡಿನ ಟಿವಿ ಬೇರೆ ದಾರಿಯಲ್ಲಿ ಸಾಬೀತು ಮಾಡಿದೆ. 1993ರಲ್ಲಿ ಹುಟ್ಟಿದ ಸನ್ ಟಿವಿ ಡಿಎಂಕೆಯ ದನಿ ಎನಿಸಿತ್ತು. 2007ರ ಮೇ ತಿಂಗಳಲ್ಲಿ ಪಕ್ಷದ ನಾಯಕರ ಕುಟುಂಬದೊಳಗೆ ಜಗಳವೆದ್ದು ಆ ನಂಟು ಹರಿಯಿತು. ವಾಹಿನಿಯನ್ನು ದಾರಿಗೆ ತರುವ ಗೋಜಿಗೆ ಯಾರೂ ಹೋಗಲಿಲ್ಲ. ಅದೇ ಸೆಪ್ಟೆಂಬರ್‌ನಲ್ಲಿ ಕಲೈಞರ್ ಟಿವಿ ಎಂಬ ಹೊಸದೇ ಶುರುವಾಯಿತು. ಜಯಲಲಿತಾ ನಂತರ ಜಯಾ ಟಿವಿ ಒಂದು ಬಣದ ಕೈಲಿ ಉಳಿದಾಗ ಎಡಿಎಂಕೆ 2018ರಲ್ಲಿ ನ್ಯೂಸ್ ಜೆ ತೆರೆಯಿತು. ಕನ್ನಡದಲ್ಲಿ 2007ರಲ್ಲಿ ಬಂದ ಕಸ್ತೂರಿ ವಾಹಿನಿ ಎಚ್.ಡಿ. ಕುಮಾರಸ್ವಾಮಿ ಕುಟುಂಬದ್ದು. ಆ ಮನೆಯ ತಪ್ಪನ್ನು ಆ ಮನೆಯ ಪರದೆಯಲ್ಲಿ ಹುಡುಕಲು ಯಾರೂ ಕೂರುವುದಿಲ್ಲ.

ಗೆಟ್ಟವಾಡಿಯ ಕೇಳುಗನ ಸ್ಥಿತಿ ಮಾತ್ರ ಯಾವ ಸಿದ್ಧಾಂತಕ್ಕೂ ಒಗ್ಗುವುದಿಲ್ಲ. ಮೈಸೂರು ಕೇಂದ್ರದಲ್ಲಿ ಕನ್ನಡದಲ್ಲಿ ಹೊಗಳಿಸಿಕೊಳ್ಳುವ ಮಂತ್ರಿಗೆ ಇವನ ಓಟಿನ ಹಂಗಿಲ್ಲ. ಇವನ ಓಟು ಬೀಳುವುದು ಭವಾನಿಸಾಗರ ವಿಧಾನಸಭೆ ಮತ್ತು ನೀಲಗಿರಿ ಲೋಕಸಭಾ ಕ್ಷೇತ್ರಗಳಲ್ಲಿ.