ನಾಳಿನವರಿಗಾಗಿ ತಿದ್ದಿದ ಕನ್ನಡಿ

ಚನ್ನಪಟ್ಟಣದ ಬೊಂಬೆಗಾರನ ಮುಂದೆ ಕೆಲಹೊತ್ತು ಕುಳಿತವರಿಗೆ ಒಂದು ಸತ್ಯ ಮನವರಿಕೆಯಾಗುತ್ತದೆ. ತಿರುಗುವ ಮರದ ತುಂಡಿಗೆ ಆತ ಉಳಿಯನ್ನು ಹದವಾಗಿ ತಾಗಿಸುತ್ತಾನೆ. ತುಸು ಹೆಚ್ಚು ಒತ್ತಿದರೂ ಬೊಂಬೆ ಕೆಟ್ಟಿತು. ಅಲ್ಲಿ ಆತುರಕ್ಕೆ ಎಡೆಯಿಲ್ಲ. ಅಲ್ಲಿಂದ ಸುಮಾರು 60 ಕಿಲೋಮೀಟರ್ ದೂರದ ಬೆಂಗಳೂರಿನ ಕೋರಮಂಗಲದಲ್ಲಿ ಇದೇ ಬಗೆಯ ತಾಳ್ಮೆಯಿಂದ ಗಾಜನ್ನು ತಿದ್ದಿ, ಆಕಾಶವನ್ನು ನೋಡುವ ಕಣ್ಣೊಂದನ್ನು ಸಿದ್ಧಪಡಿಸಿದ ಕಥೆ ನಮ್ಮಲ್ಲಿ ಅನೇಕರಿಗೆ ತಿಳಿಯದು.

ಆ ಕಣ್ಣಿನ ಕನಸು ಕಂಡವರು ಖಗೋಳ ವಿಜ್ಞಾನಿ ಎಂ. ಕೆ. ವೈನು ಬಪ್ಪು. 1927ರ ಆಗಸ್ಟ್ 10ರಂದು ಮದರಾಸಿನಲ್ಲಿ ಜನಿಸಿದ ಅವರ ತಂದೆ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿ ಕೆಲಸಮಾಡುತ್ತಿದ್ದರು. ಹೀಗಾಗಿ ದೂರದರ್ಶಕವು ಬಾಲಕನಿಗೆ ಮನೆಯ ವಸ್ತುವಿನಷ್ಟೇ ಪರಿಚಿತವಾಗಿತ್ತು. ಹಾರ್ವರ್ಡ್‌ನಲ್ಲಿ ಓದುತ್ತಿದ್ದಾಗ, 1949ರಲ್ಲಿ, ಅವರು ಕಂಡುಹಿಡಿದ ಧೂಮಕೇತು ಬಪ್ಪು, ಬಾಕ್ ಮತ್ತು ನ್ಯೂಕರ್ಕ್ ಎಂಬ ಮೂವರ ಹೆಸರನ್ನು ಪಡೆಯಿತು. 1957ರಲ್ಲಿ ಓಲಿನ್ ವಿಲ್ಸನ್ ಅವರೊಡನೆ, ನಕ್ಷತ್ರದ ಬೆಳಕಿನಲ್ಲಿ ಕ್ಯಾಲ್ಸಿಯಂ ಮೂಡಿಸುವ ಒಂದು ಗೆರೆಯ ಅಗಲದಿಂದ ಆ ನಕ್ಷತ್ರದ ನಿಜವಾದ ಪ್ರಕಾಶವನ್ನು ಅಳೆಯಬಹುದೆಂದು ತೋರಿಸಿದರು.

ವಿದೇಶದಲ್ಲಿಯೇ ನೆಲೆಸಿದ್ದರೂ ಅವರ ಕೀರ್ತಿಗೆ ಕೊರತೆಯಾಗುತ್ತಿರಲಿಲ್ಲ. ಆದರೆ ಅವರು ಮರಳಿ ಬಂದರು. 1960ರಲ್ಲಿ ಕೊಡೈಕೆನಾಲ್ ವೀಕ್ಷಣಾಲಯದ ಹೊಣೆ ಹೊತ್ತರು. ರಾತ್ರಿಯ ಆಕಾಶಕ್ಕೆ ತಕ್ಕ ತಾಣವನ್ನು ಅರಸಿ, ತಮಿಳುನಾಡಿನ ಜವಾದಿ ಬೆಟ್ಟಗಳ ಕಾವಲೂರನ್ನು ಆರಿಸಿದರು. 1968ರಲ್ಲಿ ಅಲ್ಲಿ ಮೊದಲಿಗೆ ನಿಂತದ್ದು ಸ್ವದೇಶದಲ್ಲಿಯೇ ತಯಾರಾದ 38 ಸೆಂಟಿಮೀಟರಿನ ಪುಟ್ಟ ದೂರದರ್ಶಕ. 1972ರಲ್ಲಿ ಜರ್ಮನಿಯಿಂದ ಬಂದ ಒಂದು ಮೀಟರಿನ ದೂರದರ್ಶಕವೂ ಜೊತೆಗೂಡಿತು. 1977ರ ಮಾರ್ಚ್ 10ರಂದು ಯುರೇನಸ್ ಗ್ರಹದ ಉಂಗುರಗಳ ಸುಳಿವು ದೊರೆತ ಕೆಲವೇ ತಾಣಗಳಲ್ಲಿ ಕಾವಲೂರೂ ಒಂದು.

ಬಪ್ಪು ಇಷ್ಟಕ್ಕೆ ತೃಪ್ತರಾಗಲಿಲ್ಲ. ದೊಡ್ಡ ದೂರದರ್ಶಕವನ್ನು ಕೊಂಡು ತರುವುದಕ್ಕಿಂತ ನಮ್ಮವರೇ ಕಟ್ಟಲು ಕಲಿಯಬೇಕೆಂಬುದು ಅವರ ಹಟ. ಅವರು ರೂಪಿಸಿದ ಭಾರತೀಯ ಖಭೌತ ಸಂಸ್ಥೆ 1975ರಲ್ಲಿ ಬೆಂಗಳೂರಿಗೆ ಬಂದಿತು. ಗಾಜಿನ ಬಿಲ್ಲೆ ಹೊರನಾಡಿನದು. ಅದನ್ನು ಉಜ್ಜಿ, ಅಳೆದು, ಮತ್ತೆ ಉಜ್ಜಿ 2.34 ಮೀಟರ್ ಅಗಲದ ನಿಮ್ನ ಕನ್ನಡಿಯಾಗಿಸಿದ ಕೈಗಳು ಇಲ್ಲಿಯವು. ಇಂತಹ ಕನ್ನಡಿಯ ಮೈಯಲ್ಲಿ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನಷ್ಟು ತಪ್ಪಿದರೂ ನಕ್ಷತ್ರದ ಬಿಂಬ ಕದಡುತ್ತದೆ.

ಕೆಲಸವಿನ್ನೂ ಮುಗಿದಿರಲಿಲ್ಲ. ಆಗ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷರಾಗಿದ್ದ ಬಪ್ಪು, 1982ರ ಆಗಸ್ಟ್ 19ರಂದು ಮ್ಯೂನಿಕ್‌ನಲ್ಲಿ ತೀರಿಕೊಂಡರು. 1986ರ ಜನವರಿ 6ರಂದು ಪ್ರಧಾನಿ ರಾಜೀವ್ ಗಾಂಧಿಯವರು ಆ ದೂರದರ್ಶಕಕ್ಕೆ ಬಪ್ಪು ಅವರ ಹೆಸರನ್ನಿಟ್ಟರು. ಕಟ್ಟಿಸಿದವರು ಅದರಲ್ಲಿ ಒಂದು ನಕ್ಷತ್ರವನ್ನೂ ನೋಡಲಿಲ್ಲ.

ಫಲವನ್ನು ತಾನೇ ಉಣ್ಣಬೇಕೆಂಬ ಆತುರ ನಮ್ಮ ಮನೆಗಳನ್ನೂ ಕಾಡುತ್ತಿದೆ. ಬೆಂಗಳೂರಿನ ದೀಪಗಳ ಹೊಳಪು ರಾಮನಗರದ ಬಂಡೆಗಳ ಮೇಲಿನ ಆಕಾಶವನ್ನೂ ಮಂಕಾಗಿಸುತ್ತಿದೆ. ಆದರೂ ಮಾಗಡಿ, ಕನಕಪುರದ ಹಳ್ಳಿಗಳ ಅಂಗಳದಲ್ಲಿ ಇನ್ನೂ ನಕ್ಷತ್ರಗಳು ಕಾಣುತ್ತವೆ. ಒಂದು ರಾತ್ರಿ ಮಕ್ಕಳನ್ನು ಕರೆದುಕೊಂಡು ಅಂಗಳಕ್ಕೆ ಬನ್ನಿ. ಇನ್ನೊಬ್ಬರು ನೋಡಲೆಂದು ಬಾಳನ್ನೇ ಸವೆಸಿದ ಒಬ್ಬರ ಕಥೆಯನ್ನು ಅವರಿಗೆ ಹೇಳಿ.