ನಾಲ್ಕು ಪರಾಭವಗಳು: ಸಕಲೇಶಪುರ-ಆಲೂರು ಮಲೆನಾಡಿನಲ್ಲಿ ವರ್ಷಫಲ, ಕಾಲಜ್ಞಾನ ಮತ್ತು ಸಮಾಜ

ಚೈತ್ರ ಶುದ್ಧ ಪ್ರತಿಪದೆಯಂದು ಬೇವುಬೆಲ್ಲ ಸ್ವೀಕರಿಸಿ ಪಂಚಾಂಗ ಶ್ರವಣ ಮಾಡುವುದು ಕನ್ನಡ ನಾಡಿನ ಪುರಾತನ ಸಂಪ್ರದಾಯ. ಹಾಸನ ಜಿಲ್ಲೆಯ ಮಲೆನಾಡು ಭಾಗದಲ್ಲಿ ಈ ಶ್ರವಣಕ್ಕೆ ವಿಶೇಷವಾದ ಲೌಕಿಕ ಪ್ರಯೋಜನವೊಂದುಂಟು. ಹೊನ್ನಾರು ಕಟ್ಟುವ ದಿಕ್ಕು, ಮಳೆಯ ಹದ, ಬೆಳೆಯ ಬೆಲೆ, ಊರ ದೇವರ ಸುಗ್ಗಿಯ ದಿನ ಇವೆಲ್ಲವೂ ಆ ಓದಿನೊಡನೆ ಹೆಣೆದುಕೊಂಡಿವೆ. 2026ರ ಮಾರ್ಚ್ 19ರ ಗುರುವಾರದ ಯುಗಾದಿಯಿಂದ ಮೊದಲಾಗುವ ಸಂವತ್ಸರದ ಹೆಸರು ಪರಾಭವ. ಪರಾಭವವೆಂದರೆ ಸೋಲು. ಹೆಸರೇ ಹೀಗಿರುವಾಗ ಫಲವೇನಿದ್ದೀತೆಂಬ ಅಳುಕು ಶ್ರದ್ಧಾಳುಗಳಲ್ಲಿ ಮೂಡುವುದು ಸಹಜ. ಆ ಅಳುಕಿಗೆ ಆಧಾರವಿದೆಯೇ ಎಂಬುದನ್ನು ಶಾಸ್ತ್ರದಿಂದಲೂ ಇತಿಹಾಸದಿಂದಲೂ ಪರಿಶೀಲಿಸುವುದು ಉಚಿತ.

ಮೊದಲಿಗೆ ವರ್ಷಫಲದ ರಚನೆಯನ್ನು ನೋಡಬೇಕು. ಪ್ರತಿ ಸಂವತ್ಸರಕ್ಕೂ ರಾಜ, ಮಂತ್ರಿ, ಸೇನಾಧಿಪತಿ, ಸಸ್ಯಾಧಿಪತಿ, ಧಾನ್ಯಾಧಿಪತಿ, ಅರ್ಘಾಧಿಪತಿ, ಮೇಘಾಧಿಪತಿ, ರಸಾಧಿಪತಿ, ನೀರಸಾಧಿಪತಿ ಎಂಬ ನವನಾಯಕರನ್ನು ಹೇಳಲಾಗುತ್ತದೆ. ಯುಗಾದಿ ಬಂದ ವಾರದ ಅಧಿಪತಿಯೇ ರಾಜ. ಮೇಷ ಸಂಕ್ರಮಣದ ವಾರಾಧಿಪತಿ ಮಂತ್ರಿ. ಸೂರ್ಯನು ಆರ್ದ್ರಾ ನಕ್ಷತ್ರವನ್ನು ಪ್ರವೇಶಿಸುವ ವಾರದ ಅಧಿಪತಿ ಮೇಘಾಧಿಪತಿ. ಪರಾಭವದ ಯುಗಾದಿ ಗುರುವಾರವಾದುದರಿಂದ ಗುರುವು ರಾಜ. ಮೇಷ ಸಂಕ್ರಮಣವು ಏಪ್ರಿಲ್ 14ರ ಮಂಗಳವಾರವಾದುದರಿಂದ ಕುಜನು ಮಂತ್ರಿ. ಶನಿಯು ಮೀನರಾಶಿಯಲ್ಲಿರುವನು; ಗುರುವು ಜೂನ್ ತಿಂಗಳ ಆದಿಯಲ್ಲಿ ತನ್ನ ಉಚ್ಚಸ್ಥಾನವಾದ ಕರ್ಕಾಟಕಕ್ಕೆ ಪ್ರವೇಶ; ಈ ವರ್ಷದಲ್ಲಿ ಜ್ಯೇಷ್ಠವು ಅಧಿಕಮಾಸ. ಗುರುವು ರಾಜನಾದರೆ ಸುವೃಷ್ಟಿ ಮತ್ತು ಧರ್ಮಾಸಕ್ತಿ, ಕುಜನು ಮಂತ್ರಿಯಾದರೆ ಅಗ್ನಿಭಯ ಮತ್ತು ಕಲಹ ಎಂದು ಫಲಗ್ರಂಥಗಳ ಸಾಮಾನ್ಯ ನಿರೂಪಣೆ. ಒಂದೇ ವರ್ಷಕ್ಕೆ ಹಿತವನ್ನೂ ಅಹಿತವನ್ನೂ ಕೂಡಿಸಿ ಹೇಳುವ ಈ ಕ್ರಮದಲ್ಲಿ ಕೇಳುವವನ ಮನಸ್ಸೇ ತನಗೆ ಬೇಕಾದುದನ್ನು ಆರಿಸಿಕೊಳ್ಳುತ್ತದೆ.

ಸಂವತ್ಸರದ ಹೆಸರಿನ ವಿಚಾರವೂ ಹೀಗೆಯೇ. ಪ್ರಭವದಿಂದ ಅಕ್ಷಯದವರೆಗಿನ ಅರವತ್ತರ ಚಕ್ರವು ಮೂಲತಃ ಗುರುಗ್ರಹದ ಗತಿಯನ್ನು ಅವಲಂಬಿಸಿದ್ದು. ಗುರುವು ಒಂದು ರಾಶಿಯನ್ನು ದಾಟಲು ಒಂದು ವರ್ಷಕ್ಕಿಂತ ಸ್ವಲ್ಪ ಕಡಿಮೆ ಕಾಲ ಸಾಕಾಗುವುದರಿಂದ ಉತ್ತರ ಭಾರತದ ಗಣನೆಯಲ್ಲಿ ಆಗಾಗ ಒಂದು ಸಂವತ್ಸರವನ್ನು ಲುಪ್ತಗೊಳಿಸುವ ಪದ್ಧತಿ ಉಳಿಯಿತು. ದಕ್ಷಿಣದಲ್ಲಿ ಆ ಲೋಪವನ್ನು ಬಿಟ್ಟು ಹೆಸರುಗಳನ್ನು ಅನುಕ್ರಮವಾಗಿ ಎಣಿಸುತ್ತ ಬರಲಾಯಿತು. ಪರಿಣಾಮವಾಗಿ ಒಂದೇ ವರ್ಷಕ್ಕೆ ನರ್ಮದೆಯ ಉತ್ತರದಲ್ಲಿ ಒಂದು ಹೆಸರು, ದಕ್ಷಿಣದಲ್ಲಿ ಮತ್ತೊಂದು ಹೆಸರು. ಹೆಸರೇ ಫಲವನ್ನು ಕೊಡುವುದಾದರೆ ನದಿಯ ಎರಡು ದಡಗಳಲ್ಲಿ ಎರಡು ವಿಧದ ಕಾಲ ನಡೆಯಬೇಕಾದೀತು.

ಶರಣರು ಈ ವಿಷಯದಲ್ಲಿ ಸ್ಪಷ್ಟರಾಗಿದ್ದರು. ಶುಭಲಗ್ನ, ಚಂದ್ರಬಲ, ತಾರಾಬಲಗಳ ವಿಚಾರವನ್ನೆತ್ತಿದ ಬಸವಣ್ಣನವರು ಶಿವಸ್ಮರಣೆಯ ದಿನವೇ ಸುದಿನವೆಂಬ ನಿಲುವನ್ನು ತಾಳಿದರು. ಕಾಯಕಕ್ಕೆ ಅಮಂಗಳ ಮುಹೂರ್ತವಿಲ್ಲ. ಹೀಗಿದ್ದೂ ವೀರಶೈವ ಪರಂಪರೆಯಲ್ಲಿ ಭವಿಷ್ಯವನ್ನು ನುಡಿಯುವ ಸಾಹಿತ್ಯವೊಂದು ಹುಲುಸಾಗಿ ಬೆಳೆಯಿತು. ಅದೇ ಕಾಲಜ್ಞಾನ. ಬಸವಣ್ಣ, ಚನ್ನಬಸವಣ್ಣ, ಸರ್ವಜ್ಞ ಮೊದಲಾದವರ ಹೆಸರಿನಲ್ಲಿ ಕಾಲಜ್ಞಾನದ ರಚನೆಗಳು ಓಲೆಗರಿಗಳಲ್ಲಿ ಉಳಿದುಬಂದಿವೆ. ಸುರಪುರ ಸೀಮೆಯ ಕೊಡೇಕಲ್ಲ ಬಸವಣ್ಣನ ಪರಂಪರೆಗೆ ಕಾಲಜ್ಞಾನವೇ ಜೀವಾಳ. ವಿರೂಪಾಕ್ಷ ಪಂಡಿತನು 1584ರಲ್ಲಿ ಪೂರ್ಣಗೊಳಿಸಿದ ಚನ್ನಬಸವ ಪುರಾಣದಲ್ಲಿಯೂ ಮುಂಬರುವ ಕಾಲದ ವರ್ಣನೆಯಿದೆ. ವೀರವಸಂತರಾಯನು ಬಂದು ಕಲ್ಯಾಣವು ಮರಳಿ ಕಲ್ಯಾಣವಾಗುವುದೆಂಬ ನಂಬುಗೆ ಈ ಪರಂಪರೆಯಲ್ಲಿ ಆಳವಾಗಿ ಬೇರೂರಿದೆ.

ಈ ವಿರೋಧಾಭಾಸಕ್ಕೆ ಪರಿಹಾರವು ಎರಡರ ಸ್ವರೂಪಭೇದದಲ್ಲಿದೆ. ವರ್ಷಫಲವು ಗ್ರಹಗತಿಯನ್ನು ನೋಡಿ ಜನರ ಬಾಳನ್ನು ಊಹಿಸುತ್ತದೆ. ಕಾಲಜ್ಞಾನವು ಜನರ ನಡೆಯನ್ನು ನೋಡಿ ಕಾಲದ ಗತಿಯನ್ನು ನುಡಿಯುತ್ತದೆ. ಅರಸರು ಅಳುಪಿದರೆ, ಗುರುಗಳು ಲೋಭಿಗಳಾದರೆ, ನುಡಿ ನಡೆಯಿಂದ ಬೇರೆಯಾದರೆ ನಾಡು ಕೆಡುವುದೆಂಬುದು ಕಾಲಜ್ಞಾನದ ತಿರುಳು. ಹನ್ನೆರಡನೆಯ ಶತಮಾನದ ಉತ್ತರಾರ್ಧದಲ್ಲಿ ಕಲ್ಯಾಣದ ವಿಪ್ಲವವನ್ನು ಕಂಡ ಸಮುದಾಯವೊಂದು ತನ್ನ ನೋವನ್ನೂ ನಿರೀಕ್ಷೆಯನ್ನೂ ಭವಿಷ್ಯತ್ಕಾಲದ ಕ್ರಿಯಾಪದಗಳಲ್ಲಿ ಇರಿಸಿತು. ಮೈಲಾರದಲ್ಲಿ ಬಿಲ್ಲನ್ನೇರಿ ಗೊರವಯ್ಯನು ನುಡಿಯುವ ಕಾರಣಿಕವೂ, ಹಾಸನ ಜಿಲ್ಲೆಯದೇ ಆದ ಅರಸೀಕೆರೆ ತಾಲೂಕಿನ ಹಾರನಹಳ್ಳಿ ಕೋಡಿಮಠದಿಂದ ಹೊರಡುವ ಭವಿಷ್ಯನುಡಿಗಳೂ ಇಂದಿಗೂ ಜನರ ಕುತೂಹಲವನ್ನು ಸೆಳೆಯುತ್ತಿರುವುದು ಈ ದೀರ್ಘ ಪರಂಪರೆಯ ಬಲದಿಂದಲೇ.

ಈ ಹಿನ್ನೆಲೆಯಲ್ಲಿ ಹೇಮಾವತಿಯ ದಡದ ಸಕಲೇಶ್ವರನ ಸನ್ನಿಧಿಯಿಂದ ಹೆಸರು ಪಡೆದ ಸಕಲೇಶಪುರವನ್ನೂ, ಅದರ ಪೂರ್ವಕ್ಕೆ ಅರೆಮಲೆನಾಡಾಗಿ ಚಾಚಿರುವ ಆಲೂರನ್ನೂ ಅವಲೋಕಿಸಬಹುದು. ಟಿಪ್ಪು ಸುಲ್ತಾನನ ನಕ್ಷತ್ರಾಕಾರದ ಕೋಟೆಯಿಂದಾಗಿ ಮಂಜರಾಬಾದೆಂದು ಪ್ರಸಿದ್ಧವಾದ ಈ ಸೀಮೆಯು ಕಳೆದ ಎರಡು ಶತಮಾನಗಳಲ್ಲಿ ಮೂರು ಪರಾಭವ ಸಂವತ್ಸರಗಳನ್ನು ದಾಟಿದೆ. ನಾಲ್ಕನೆಯದು 2026ರದು.

ಮೊದಲನೆಯದು 1846-47. ಆಗ ಮೈಸೂರು ಸೀಮೆಯು ಬ್ರಿಟಿಷ್ ಕಮಿಷನರರ ಆಡಳಿತದಲ್ಲಿತ್ತು. ಮಾರ್ಕ್ ಕಬ್ಬನ್ ಕಮಿಷನರನಾಗಿದ್ದನು. ಮೂರು ವರ್ಷಗಳ ಹಿಂದೆ, 1843ರಲ್ಲಿ, ಗ್ರೀನ್ ಎಂಬ ಆಂಗ್ಲನು ಮಂಜರಾಬಾದಿನಲ್ಲಿ ಕಾಫಿ ತೋಟವನ್ನು ಆರಂಭಿಸಿದ್ದನು. ಅಂದು ಈ ಬೆಟ್ಟಗಳ ಬದುಕು ಭತ್ತದ ಗದ್ದೆ, ಏಲಕ್ಕಿ ಕಾಡು ಮತ್ತು ಗ್ರಾಮದ ಪಟೇಲರ ಮಾತು ಇವುಗಳನ್ನು ಆಧರಿಸಿತ್ತು. ಮುಂದೆ ನಡೆಯಲಿದ್ದ ಬದಲಾವಣೆಯ ಬೀಜವು ಅಕ್ಷರಶಃ ಆ ವರ್ಷಗಳಲ್ಲಿಯೇ ನೆಲಕ್ಕೆ ಬಿದ್ದಿತು. ಅದನ್ನು ಯಾವ ಫಲಶ್ರುತಿಯೂ ಸೂಚಿಸುವಂತಿರಲಿಲ್ಲ. ಏಕೆಂದರೆ ನವನಾಯಕರ ಪಟ್ಟಿಯಲ್ಲಿ ಕಾಫಿಗೆ ಸ್ಥಾನವೇ ಇರಲಿಲ್ಲ.

ಇದಾದ ಮೂವತ್ತು ವರ್ಷಕ್ಕೆ ಧಾತು ಮತ್ತು ಈಶ್ವರ ಸಂವತ್ಸರಗಳ ಮಹಾಕ್ಷಾಮ ಬಂದಿತು. 1871ರ ಗಣತಿಯಲ್ಲಿ ಐವತ್ತು ಲಕ್ಷವನ್ನು ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ನಲವತ್ತೆರಡು ಲಕ್ಷಕ್ಕಿಂತ ಕಡಿಮೆಯಾಗಿತ್ತು. ಧಾತುವೆಂದರೆ ಪೋಷಿಸುವವನು, ಈಶ್ವರನೆಂದರೆ ಮಂಗಳಮೂರ್ತಿ. ಇಂತಹ ಶುಭನಾಮಗಳ ವರ್ಷಗಳಲ್ಲಿಯೇ ನಾಡು ಹಿಂದೆಂದೂ ಕಾಣದ ಹಸಿವನ್ನು ಕಂಡಿತು. ಸಂವತ್ಸರದ ಹೆಸರನ್ನು ಕೇಳಿ ಅಂಜುವವರೂ ಹಿಗ್ಗುವವರೂ ನೆನಪಿನಲ್ಲಿಡಬೇಕಾದ ಸಂಗತಿಯಿದು.

ಎರಡನೆಯ ಪರಾಭವ 1906-07. ಅಷ್ಟರಲ್ಲಿ ಮಂಜರಾಬಾದು ಕಾಫಿಯ ಸೀಮೆಯಾಗಿತ್ತು. ಆ ವರ್ಷದ ಯುಗಾದಿಗೆ ತುಸು ಮುನ್ನ, 1906ರ ಫೆಬ್ರವರಿಯಲ್ಲಿ, ಬ್ರೆಜಿಲ್ ದೇಶದ ಮೂರು ಪ್ರಾಂತಗಳು ತೌಬಾತೆ ಎಂಬಲ್ಲಿ ಸೇರಿ, ಅತಿಯಾದ ಬೆಳೆಯಿಂದ ಕುಸಿದಿದ್ದ ಕಾಫಿಯ ಬೆಲೆಯನ್ನು ಎತ್ತಿಹಿಡಿಯಲು ಒಪ್ಪಂದ ಮಾಡಿಕೊಂಡವು. ಅರ್ಘಾಧಿಪತಿಯು ಬೆಲೆಗಳ ಒಡೆಯನೆಂಬುದು ಪಂಚಾಂಗದ ಮಾತು. ಹಾನುಬಾಳು, ಐಗೂರುಗಳ ಕಾಫಿಯ ಅರ್ಘಾಧಿಪತ್ಯವು ಆಗಲೇ ಸಮುದ್ರದಾಚೆಗೆ ಹೋಗಿತ್ತು. ಸಮಾಜದಲ್ಲಿಯೂ ಹೊಸ ಎಚ್ಚರ ಮೂಡುತ್ತಿತ್ತು. ಹಾನಗಲ್ಲ ಕುಮಾರ ಸ್ವಾಮಿಗಳ ಪ್ರಯತ್ನದಿಂದ 1904ರಲ್ಲಿ ವೀರಶೈವ ಮಹಾಸಭೆ ಸ್ಥಾಪಿತವಾಗಿ, ವಿದ್ಯೆ ಮತ್ತು ಸಂಘಟನೆಗಳು ಮಠಗಳ ಹೊಣೆಯೆಂಬ ಭಾವ ಹರಡಲಾರಂಭಿಸಿತ್ತು.

ಇದೇ ಕಾಲದ ತೋಟಗಳಲ್ಲಿ ಗಮನಾರ್ಹವಾದ ಇನ್ನೊಂದು ಸಂಗತಿಯಿತ್ತು. ಘಟ್ಟದ ಕೆಳಗಿನ ತುಳುನಾಡಿನಿಂದ ಬಂದ ಆಳುಗಳಿಗೆ ಹೊಸ ವರ್ಷವೆಂದರೆ ಮೇಷ ಸಂಕ್ರಮಣದ ಬಿಸು. ಗದ್ದೆಯ ಒಡೆಯರಿಗೆ ಚಾಂದ್ರಮಾನ ಯುಗಾದಿ. ಒಂದೇ ತೋಟದಲ್ಲಿ ಎರಡು ವರ್ಷಾರಂಭಗಳು. ಪಂಚಾಂಗ ಶ್ರವಣವು ನಡೆಯುತ್ತಿದ್ದುದು ಒಡೆಯರ ಜಗುಲಿಯಲ್ಲಿ; ಮುಂಗಡ ಸಾಲದಲ್ಲಿ ಸಿಲುಕಿದ ಆಳಿನ ಆದಾಯ ವ್ಯಯಗಳನ್ನು ಬರೆಯುತ್ತಿದ್ದುದು ಮೇಸ್ತ್ರಿಯ ಪುಸ್ತಕದಲ್ಲಿ.

ಮೂರನೆಯ ಪರಾಭವ 1966-67. ಹಿಂದಿನ ವರ್ಷದ ಬರಗಾಲದಿಂದ ದೇಶವು ತತ್ತರಿಸಿತ್ತು. 1966ರ ಜೂನ್ 6ರಂದು ರೂಪಾಯಿಯ ಅಪಮೌಲ್ಯೀಕರಣವಾಯಿತು. ಆದರೆ ಅದೇ ದಶಕವು ಈ ಬೆಟ್ಟಗಳಲ್ಲಿ ಹಲವು ಬಂಧನಗಳನ್ನು ಸಡಿಲಿಸಿದ ದಶಕವೂ ಹೌದು. 1961ರ ಕಾಯಿದೆಯು 1963ರಲ್ಲಿ ಜಾರಿಗೆ ಬಂದು ಪಟೇಲ, ಶಾನುಭೋಗರ ವಂಶಪಾರಂಪರ್ಯದ ಅಧಿಕಾರ ಅಳಿಯಿತು. 1951ರ ತೋಟಕಾರ್ಮಿಕ ಕಾಯಿದೆಯು ಆಳುಗಳಿಗೆ ವಸತಿ, ವೈದ್ಯಕೀಯ, ಶಿಕ್ಷಣಗಳನ್ನು ಹಕ್ಕೆಂದು ಗುರುತಿಸಿತ್ತು. 1974ರ ತಿದ್ದುಪಡಿಯೊಡನೆ ಭೂಸುಧಾರಣೆಯು ಗೇಣಿದಾರನನ್ನು ಗದ್ದೆಯ ಒಡೆಯನನ್ನಾಗಿಸಿತು. ತೋಟಗಳು ಮಾತ್ರ ಅದರಿಂದ ಹೊರಗುಳಿದವು. 1979ರಲ್ಲಿ ಹಾಸನ-ಮಂಗಳೂರು ರೈಲುಮಾರ್ಗವು ಘಟ್ಟವನ್ನು ಸೀಳಿ ತೆರೆದುಕೊಂಡಿತು. ಸೋಲೆಂಬ ಹೆಸರಿನ ವರ್ಷದ ಸುತ್ತಲಿನ ಕಾಲವು ದುರ್ಬಲರ ಪಾಲಿಗೆ ಸಣ್ಣ ಸಣ್ಣ ಗೆಲುವುಗಳ ಕಾಲವಾಗಿತ್ತು.

ನಾಲ್ಕನೆಯ ಪರಾಭವದ ಹೊಸ್ತಿಲಿನ ಚಿತ್ರ ಬೇರೆಯೇ ಆಗಿದೆ. 1993ರ ಪಂಚಾಯತ್ ಕಾಯಿದೆಯಿಂದ ಮೂರನೆಯ ಒಂದು ಭಾಗ, 2010ರಿಂದ ಅರ್ಧ ಭಾಗ ಸ್ಥಾನಗಳು ಸ್ತ್ರೀಯರಿಗೆ ಮೀಸಲಾಗಿವೆ. ಅನುಭವ ಮಂಟಪದ ಸ್ಮೃತಿಯುಳ್ಳವರಿಗೆ ಇದು ಅಪರಿಚಿತ ಆದರ್ಶವಲ್ಲ. ತುಳುನಾಡಿನ ಆಳುಗಳ ಜಾಗದಲ್ಲಿ ಅಸ್ಸಾಂ ಮೊದಲಾದ ದೂರದ ಸೀಮೆಯವರು ದುಡಿಯುತ್ತಿದ್ದಾರೆ. ಮೇಷ ಸಂಕ್ರಮಣದ ಬಿಹುವೇ ಅಸ್ಸಾಮಿಗರಿಗೂ ಹೊಸ ವರ್ಷ. ಆಲೂರು, ಸಕಲೇಶಪುರಗಳಲ್ಲಿ ಕಾಡಾನೆ ಮತ್ತು ಮನುಷ್ಯರ ಸಂಘರ್ಷದಿಂದ ಎರಡೂ ಕಡೆ ಪ್ರಾಣಹಾನಿಯಾಗಿದೆ. 2014ರಲ್ಲಿ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಸಾಗಿಸಿದರೂ ಸಮಸ್ಯೆ ನೀಗಲಿಲ್ಲ. ವಿಳಂಬಿ ಸಂವತ್ಸರದ 2018ರ ಆಗಸ್ಟ್‌ನಲ್ಲಿಯೂ ಕ್ರೋಧಿಯ 2024ರ ಜುಲೈನಲ್ಲಿಯೂ ಘಟ್ಟದ ಇಳಿಜಾರು ಕುಸಿದು ರೈಲುಮಾರ್ಗ ಮುಚ್ಚಿತು. 2024ರ ಸೆಪ್ಟೆಂಬರ್ 6ರಂದು ಎತ್ತಿನಹೊಳೆ ಯೋಜನೆಯ ಮೊದಲ ಹಂತವು ಉದ್ಘಾಟನೆಗೊಂಡು, ಪಶ್ಚಿಮಕ್ಕೆ ಹರಿಯುವ ನೀರನ್ನು ಪೂರ್ವಕ್ಕೆ ತಿರುಗಿಸುವ ಕಾರ್ಯ ಮೊದಲಾಯಿತು.

ಮಳೆ ನಕ್ಷತ್ರಗಳ ವಿಚಾರವನ್ನೂ ಇಲ್ಲಿ ಹೇಳಬೇಕು. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುವ ಲೆಕ್ಕವೇ ಮಲೆನಾಡಿನ ಬೇಸಾಯದ ಬೆನ್ನೆಲುಬು. ಅಶ್ವಿನಿ, ಭರಣಿಗಳ ಹದಮಳೆ ಉಳುಮೆಗೂ ತೋಟಕ್ಕೂ ಹಿತ. ಆರಿದ್ರೆ, ಪುನರ್ವಸು, ಪುಷ್ಯಗಳು ನಾಟಿಯ ಕಾಲ. ಇದು ಪೂರ್ವಿಕರ ದೀರ್ಘ ವೀಕ್ಷಣೆಯ ಫಲವೇ ಹೊರತು ಮೂಢನಂಬಿಕೆಯಲ್ಲ. ಆದರೆ ಅಯನಚಲನೆಯಿಂದಾಗಿ ಈ ನಕ್ಷತ್ರಗಳು ಋತುವಿನೊಡನೆ ಹೊಂದಿದ್ದ ಸಂಬಂಧವು ಸುಮಾರು ಎಪ್ಪತ್ತೆರಡು ವರ್ಷಕ್ಕೆ ಒಂದು ದಿನದಂತೆ ಜರುಗುತ್ತದೆ. ಬಸವಣ್ಣನವರ ಕಾಲದಿಂದ ಇಂದಿಗೆ ಅದು ಹನ್ನೆರಡು ದಿನಗಳಷ್ಟು, ಎಂದರೆ ಹೆಚ್ಚುಕಡಿಮೆ ಒಂದು ಮಳೆಯಷ್ಟು. ಹನ್ನೆರಡನೆಯ ಶತಮಾನದ ಒಕ್ಕಲಿಗನು ಆರಿದ್ರೆಯೆಂದು ಕರೆದ ಋತುಭಾಗವು ಇಂದು ಬಹುಮಟ್ಟಿಗೆ ಮೃಗಶಿರೆಯಲ್ಲಿ ಬರುತ್ತದೆ. ಹೆಸರು ಉಳಿದು ಹದ ಜರುಗಿದಾಗ ಗಾದೆಯನ್ನಲ್ಲ, ಮುಗಿಲನ್ನು ನೋಡಬೇಕೆಂಬುದು ಅನುಭವಿ ರೈತನ ವಿವೇಕ.

ಒಟ್ಟಿನಲ್ಲಿ ನಾಲ್ಕು ಪರಾಭವಗಳಿಗೂ ಹೆಸರೊಂದೇ, ಸಮಾಜಗಳು ನಾಲ್ಕು. ಪಂಚಾಂಗವು ತಿಥಿ, ವಾರ, ನಕ್ಷತ್ರಗಳನ್ನು ಲೆಕ್ಕ ಹಾಕಿ ಕಾಲವನ್ನು ಅಳೆದುಕೊಡುವ ಶಾಸ್ತ್ರ. ಆ ಮಟ್ಟಿಗೆ ಅದು ಪೂಜ್ಯ. ಕಾಲವನ್ನು ತುಂಬುವ ಹೊಣೆ ಮಾತ್ರ ಅದರದಲ್ಲ. ಅನಿಷ್ಟಫಲಕ್ಕೆ ಹೆದರಿ ಶಾಂತಿಕರ್ಮಗಳಿಗೆ ಸಾಲ ಮಾಡುವ ಬಡ ಭಕ್ತನಿಗೆ ಈ ವಿವೇಕವನ್ನು ತಿಳಿಸುವುದು ಗುರುಮಠಗಳ ಕರ್ತವ್ಯ. ಪರಾಭವದಲ್ಲಿ ಕಾಲಜ್ಞಾನವನ್ನು ಓದುವವರು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ನೆಲದ ಮೇಲೆಯೇ ಇವೆ. ಕಾಡಿನ ಅಂಚಿನಲ್ಲಿ ಆನೆಗೂ ಒಕ್ಕಲಿಗೂ ದಾರಿಯಿದೆಯೇ? ತೋಟದ ಲೈನಿನಲ್ಲಿ ವಾಸಿಸುವ ಪರಪ್ರಾಂತದ ಕೂಸಿಗೆ ಅಕ್ಷರ ದೊರೆಯುತ್ತಿದೆಯೇ? ಸಡಿಲಗೊಂಡ ಘಟ್ಟದ ಮಣ್ಣು ಇನ್ನೆಷ್ಟು ಭಾರವನ್ನು ತಾಳೀತು? ಇವುಗಳಿಗೆ ದೊರೆಯುವ ಉತ್ತರವೇ ಆ ಸಂವತ್ಸರದ ನಿಜವಾದ ಫಲ.