ಅರಗಿನ ಎರಡು ತುಂಡು

ಚಹಾದ ಕಪ್ಪಿನ ಕೆಳಗೆ ಇಡುವ ಬಿಲ್ಲೆಗೆ ಕೋಸ್ಟರ್ ಎನ್ನುತ್ತಾರೆಂದು ನನಗೆ ತಿಳಿದದ್ದು ಐವತ್ತು ದಾಟಿದ ಮೇಲೆ. ಮಳಖೇಡದ ನಮ್ಮ ಮನೆಯಲ್ಲಿ ಆ ಕೆಲಸವನ್ನು ಬಸಿಯೇ ಮಾಡುತ್ತಿತ್ತು. ಕಳೆದ ಬೇಸಿಗೆಯ ರಜೆಗೆ ಬಂದ ಮಗಳು ಎಪಾಕ್ಸಿ ರಾಳದ ಎರಡು ಬಾಟಲಿ ತಂದಳು. ಹಳೆಯ ಮನೆ ಕೆಡವಿದಾಗ ಉಳಿದ ಬೇವಿನ ತೊಲೆಯ ತುಂಡೊಂದು ಹಿತ್ತಲಲ್ಲಿ ಬಿದ್ದಿತ್ತು. ಬಡಿಗೇರನಿಂದ ಬಿಲ್ಲೆ ಕೊಯ್ಯಿಸಿ, ಉಸುಕಿನ ಕಾಗದದಿಂದ ತಿಕ್ಕಿ, ನಡುವೆ ಉಳಿಯಿಂದ ಕುಳಿ ತೆಗೆದೆ. ಹೆಬ್ಬೆರಳಿಗೆ ಎರಡು ಸಲ ಗಾಯವಾಯಿತು. ಆ ಕುಳಿಯಲ್ಲಿ ಅವ್ವನ ಅರಗಿನ ಬಳೆಯ ತುಂಡಿಟ್ಟು ರಾಳ ಸುರಿಯಬೇಕೆಂಬುದು ನನ್ನ ಆಸೆ.

ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪ ತೀರಿಕೊಂಡರು. ಹಿರಿಯ ಹೆಂಗಸರು ಅವ್ವನ ಕೈ ಹಿಡಿದು ಬಳೆ ಒಡೆದರು. ಗಾಜಿನವು ಚೂರಾದವು, ಯಾರೋ ಗುಡಿಸಿ ಹಾಕಿದರು. ಅರಗಿನದು ಮಾತ್ರ ಎರಡು ತುಂಡಾಗಿ ಮೂಲೆಗೆ ಹೋಗಿ ಬಿತ್ತು. ಅದನ್ನು ಅವ್ವ ಯಾವಾಗ ಎತ್ತಿಟ್ಟುಕೊಂಡಳೋ! ಅವಳು ಹೋದ ಮೇಲೆ ಟ್ರಂಕಿನಲ್ಲಿ, ಕುಬಸದ ಮಡಿಕೆಯೊಳಗೆ ಸಿಕ್ಕಿತು.

ಆ ಬಳೆ ಚಾರಮಿನಾರದ ಪಕ್ಕದ ಲಾಡ್ ಬಜಾರಿನದು. 1956ರವರೆಗೆ ನಮ್ಮ ಭಾಗ ಹೈದರಾಬಾದಿಗೆ ಸೇರಿತ್ತು. ರಾಜ್ಯ ಬದಲಾದ ಮೇಲೂ ಮದುವೆಯ ಬಳೆಗೆ ನಮ್ಮ ಮನೆಯವರು ಅಲ್ಲಿಗೇ ಹೋದರು. 1874ರಲ್ಲಿ ಆರಂಭವಾದ ವಾಡಿ–ಸಿಕಂದರಾಬಾದ್ ರೈಲುದಾರಿ ಚಿತ್ತಾಪುರ, ಮಳಖೇಡ ರೋಡ್, ಸೇಡಂಗಳ ಮೇಲೆಯೇ ಹಾದಿದೆಯಲ್ಲ.

ಅರಗು ಒಂದು ಹುಳದ ಮನೆ. ಮುತ್ತುಗ, ಬೋರೆಯಂಥ ಮರಗಳ ಎಳೆಯ ಟೊಂಗೆಗೆ ಅಂಟಿಕೊಂಡ ಹೆಣ್ಣುಹುಳ ಮತ್ತೆ ಅಲ್ಲಿಂದ ಏಳುವುದಿಲ್ಲ. ರಸ ಹೀರಿ, ಸುತ್ತಲೂ ಅಂಟು ಒಸರಿಸಿ, ಅದರೊಳಗೇ ಮೊಟ್ಟೆಯಿಟ್ಟು ಸಾಯುತ್ತದೆ. ಅಥರ್ವವೇದದ ಐದನೆಯ ಕಾಂಡದಲ್ಲಿ ಗಾಯ ಮಾಯಿಸುವ ಲಾಕ್ಷೆಯನ್ನು ಹೆಣ್ಣೆಂದು ಕರೆದೇ ಸ್ತುತಿಸಿದ್ದಾರೆ. ನಮ್ಮೂರಿನ ರಾಷ್ಟ್ರಕೂಟರ ಸಾಮಂತನಾಗಿದ್ದ ಅರಿಕೇಸರಿಯ ಆಶ್ರಯದಲ್ಲಿ ಪಂಪ 10ನೆಯ ಶತಮಾನದಲ್ಲಿ ಬರೆದ ಭಾರತದಲ್ಲೂ ಅರಗಿನ ಮನೆ ಉರಿಯುತ್ತದೆ. ಮಕ್ಕಳಿಗೆ ಆ ಕಥೆ ಹೇಳುವಾಗ ನಾನು ಲಕೋಟೆಯ ಮೇಲಿನ ಕೆಂಪು ಮುದ್ರೆಯ ಉದಾಹರಣೆ ಕೊಡುತ್ತಿದ್ದೆ. ಅವ್ವನ ಕೈ ನೆನಪಾಗುತ್ತಿರಲಿಲ್ಲ.

ಕಟ್ಟಿಗೆಗೆ ಅರಗು ಹಚ್ಚುವ ವಿದ್ಯೆಗೆ ಚನ್ನಪಟ್ಟಣ ಹೆಸರುವಾಸಿ. ಅಲ್ಲಿ ತಿರುಗುವ ಆಲೆ ಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ತಿಕ್ಕಾಟದ ಬಿಸಿಗೇ ಅರಗು ಕರಗಿ ಹತ್ತಿಕೊಳ್ಳುತ್ತದೆ. ಎಪಾಕ್ಸಿಗಾದರೋ ಇನ್ನೂ ನೂರು ವರ್ಷವಾಗಿಲ್ಲ. 1930ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಪಿಯರ್ ಕ್ಯಾಸ್ಟನ್ ಹಲ್ಲಿನ ಚಿಕಿತ್ಸೆಗೆಂದು ಇಂಥ ರಾಳ ತಯಾರಿಸಿದ. 1946ರಲ್ಲಿ ಅದು ಅರಾಲ್ಡೈಟ್ ಎಂಬ ಅಂಟಾಗಿ ಬಂತು. ಎರಡು ದ್ರವ ಬೆರೆತರೆ ತಾನೇ ಬಿಸಿಯೇರಿ ಗಟ್ಟಿಯಾಗುತ್ತದೆ.

ನನ್ನ ಮೊದಲ ಬಿಲ್ಲೆ ಅಳತೆ ತಪ್ಪಿ ಎರಡು ದಿನವಾದರೂ ಅಂಟಂಟು. ಎರಡನೆಯದರ ತುಂಬ ಗುಳ್ಳೆ. ಮೂರನೆಯದು ಸರಿಬಂತು. ಬಳೆಯ ತುಂಡು ಕೈಗೆತ್ತಿಕೊಂಡಾಗ ಬಡಿಗೇರ ಅಂದ: “ಅಕ್ಕೋರೆ, ಇದು ಒಮ್ಮೆ ಗಟ್ಟಿಯಾದ್ರ ಮತ್ತ ಕರಗೂದಿಲ್ಲ ನೋಡ್ರಿ. ಅರಗಾದ್ರ ಬೆಂಕಿ ತೋರಿಸಿದ್ರ ಕೂಡ್ತದ.”

ಇದು ಅವ್ವನಿಗೆ ಗೊತ್ತಿರಲಿಲ್ಲವೆ? ಒಲೆಯ ಮುಂದೆ ಕೂತು ಬಿರುಕು ಬಿಟ್ಟ ಬಳೆ ಬೆಸೆಯುವುದನ್ನು ನಾನೇ ನೋಡಿದ್ದೆ. ಯಾವ ದಿನ ಬೇಕಾದರೂ ಆ ಎರಡು ತುಂಡನ್ನು ಕೂಡಿಸಬಹುದಿತ್ತು. ಕೂಡಿಸಿ ತೊಡುವುದಾದರೂ ಹೇಗೆ? ಆ ಶಾಸ್ತ್ರದ ಮೇಲೆ ನನಗೆ ಇಂದಿಗೂ ಸಿಟ್ಟಿದೆ. ಅಂದು ಬಾಗಿಲ ಬಳಿ ನಿಂತಿದ್ದ ನಾನೂ ಬೇಡವೆನ್ನಲಿಲ್ಲ.

ಕುಳಿಗಳಿಗೆ ತೊಗರಿಕಾಳು ಹಾಕಿ ರಾಳ ಸುರಿದೆ. ಬಳೆಯ ತುದಿಗಳನ್ನು ಕೆಂಡಕ್ಕೆ ಹಿಡಿದು ಒತ್ತಿದೆ. ತುಸು ಸೊಟ್ಟಗೆ ಕೂಡಿತು. ನನ್ನ ಕೈಗೆ ಬಿಗಿ, ಮಗಳ ಕೈಗೆ ಸರಿ. ಬೆಸೆದಲ್ಲಿ ಗಂಟು ಉಳಿದಿದೆ. ಅವಳು ಬರೆಯುವಾಗ ಮೇಜಿಗೆ ತಾಗಿ ಟಕ್ ಎನ್ನುತ್ತದೆ.